ಮೆನುವಿನಲ್ಲಿ ಸಿಗದ ಚಿರೆಕಲ್ಲು

ಕಾಳಿ ನದಿಯ ಆಚೆ, ಸದಾಶಿವಗಡದಲ್ಲಿ ನಮ್ಮ ಮನೆ. ಈಚೆ ಕಾರವಾರದಲ್ಲಿ ನನ್ನ ಆಫೀಸು. ದಿನಾ ಎರಡು ಸಲ ಸೇತುವೆ ದಾಟುತ್ತೇನೆ. 2024ರ ಆಗಸ್ಟ್ 7ರ ನಡುರಾತ್ರಿ ಇಲ್ಲಿನ ಹಳೇ ಸೇತುವೆ ಕುಸಿದು ಬಿತ್ತು. ಒಂದು ಲಾರಿ ನದಿಗೆ ಬಿತ್ತು, ಚಾಲಕನನ್ನು ಜೀವಂತ ಮೇಲೆ ತಂದರು. ನಾನಾಗ ಸಿವಿಲ್ ಇಂಜಿನಿಯರಿಂಗ್ ಕೊನೇ ವರ್ಷಕ್ಕೆ ಕಾಲಿಟ್ಟಿದ್ದೆ. ಬೆಳಿಗ್ಗೆ ಅಪ್ಪ ಫೋನ್ ಮಾಡಿ ಕೇಳಿದರು, "ನೀನು ಓದೋದು ಇದನ್ನೇ ಅಲ್ವಾ? ಇದು ನಿಲ್ತದೆ, ಇದು ಬೀಳ್ತದೆ ಅಂತ ನಿಮಗೆ ಹೇಗೆ ಗೊತ್ತಾಗ್ತದೆ?" ಪುಸ್ತಕದಲ್ಲಿದ್ದ ಏನೋ ಒಂದಿಷ್ಟು ಹೇಳಿದೆ. ಅಪ್ಪನಿಗೆ ಸಮಾಧಾನ ಆಗಲಿಲ್ಲ. ನನಗೂ ಆಗಲಿಲ್ಲ.

2025ರ ಜೂನ್‌ನಲ್ಲಿ ಕೆಲಸಕ್ಕೆ ಸೇರಿದೆ. ಚಿಕ್ಕ ಆಫೀಸು. ಸರ್, ನಾನು, ಡ್ರಾಯಿಂಗ್ ಮಾಡುವ ಇನ್ನೊಬ್ಬರು, ಇಷ್ಟೇ ಜನ. ಮಳೆ ಶುರುವಾದ ಎರಡನೇ ವಾರಕ್ಕೆ ಸರ್ ಒಂದು ನಕ್ಷೆ ತಂದು ನನ್ನ ಮೇಜಿನ ಮೇಲೆ ಇಟ್ಟರು. ಅವರ್ಸಾದಲ್ಲಿ ನಿವೃತ್ತ ಮಾಸ್ತರೊಬ್ಬರ ಮನೆ. ಕೆಳಗೊಂದು ಮನೆ, ಮೇಲೊಂದು ಮನೆ, ಅದರ ಮೇಲೆ ಟೆರೇಸು. ಅಗಲ 9 ಮೀಟರ್, ಉದ್ದ 12 ಮೀಟರ್, ಹನ್ನೆರಡು ಕಾಲಮ್. "ಇದನ್ನ ಪೂರ್ತಿ ನೀನೇ ಮಾಡು. ನಾನು ಕೊನೆಗೆ ನೋಡ್ತೇನೆ" ಅಂದರು.

ಕಟ್ಟಡ ಭಾರ ತಡೆಯುತ್ತದಾ ಅಂತ ಲೆಕ್ಕ ಹಾಕೋದು ಸಾಫ್ಟ್‌ವೇರಿನಲ್ಲಿ. ಕಾಲೇಜಿನಲ್ಲಿ ನಾನು ಕಲಿತದ್ದು ಸ್ಟ್ಯಾಡ್ ಪ್ರೊ. ಇಲ್ಲಿ ಬಳಸೋದು ಇಟ್ಯಾಬ್ಸ್. ಮೊದಲ ಮೂರು ದಿನ ಕೈ ತಪ್ಪುತ್ತಲೇ ಇತ್ತು. ಸ್ಟ್ಯಾಡ್‌ನಲ್ಲಿ ನಾವು ಬೇರೆ ಹೇಳದಿದ್ದರೆ ಮೇಲ್ಮುಖದ ಅಕ್ಷ ವೈ. ಇಲ್ಲಿ ಅದು ಜೆಡ್. ಎತ್ತರ ಅಂದ ಕೂಡಲೇ ಬೆರಳು ವೈ ಕಡೆಗೇ ಹೋಗುತ್ತಿತ್ತು. ಅದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಸ್ಟ್ಯಾಡ್‌ಗೆ ಎಲ್ಲವೂ ಬಿಂದು ಮತ್ತು ಗೆರೆ. ಇಟ್ಯಾಬ್ಸ್ ಹುಟ್ಟಿದ್ದೇ ಕಟ್ಟಡಕ್ಕಾಗಿ, ಹಾಗಾಗಿ ಅದು ಮಹಡಿ ಲೆಕ್ಕದಲ್ಲಿ ಯೋಚಿಸುತ್ತದೆ. ಹೊಸ ಫೈಲ್ ತೆರೆದರೆ ಮೊದಲು ಕೇಳೋದೇ ಎಷ್ಟು ಮಹಡಿ, ಒಂದೊಂದರ ಎತ್ತರ ಎಷ್ಟು ಅಂತ. ನಾನು ಪಾಯದ ಮೇಲಿನ ಪಂಚಾಂಗದ ಮಟ್ಟ, ಮೊದಲ ಸ್ಲ್ಯಾಬು, ಟೆರೇಸು ಅಂತ ಮೂರು ಕೊಟ್ಟೆ.

ಮೇಲಿನ ಮೆನು ಸಾಲನ್ನು ನಾನು ಬಾಯಿಪಾಠ ಮಾಡಲು ಹೊರಟಿದ್ದೆ. ಸರ್ ನೋಡಿ, "ಸುಮ್ನೆ ಉರು ಹೊಡೀಬೇಡ, ಎಡದಿಂದ ಬಲಕ್ಕೆ ಓದ್ತಾ ಹೋಗು" ಅಂದರು. ಡಿಫೈನ್, ಡ್ರಾ, ಸೆಲೆಕ್ಟ್, ಅಸೈನ್, ಅನಲೈಜ್, ಡಿಸ್‌ಪ್ಲೇ, ಡಿಸೈನ್. ಓದುತ್ತಾ ಹೋದ ಹಾಗೆ ಅರ್ಥವಾಯಿತು. ಮೊದಲು ಸಾಮಾನು ಯಾವುದು ಅಂತ ಹೇಳು. ಆಮೇಲೆ ಅದನ್ನ ಎಲ್ಲಿ ನಿಲ್ಲಿಸ್ತೀಯ ಅಂತ ಬರೆ. ಯಾವುದರ ಬಗ್ಗೆ ಮಾತು ಅಂತ ಬೆರಳಿಟ್ಟು ತೋರಿಸು. ಅದಕ್ಕೆ ಭಾರ, ಆಸರೆ ಹಚ್ಚು. ಲೆಕ್ಕ ಮಾಡಿಸು. ಬಂದದ್ದನ್ನ ನೋಡು. ಕೊನೆಗೆ ಕಬ್ಬಿಣ ಎಷ್ಟು ಅಂತ ಕೇಳು. ಮನೆ ಕಟ್ಟುವ ಕ್ರಮವೂ ಹೆಚ್ಚುಕಡಿಮೆ ಇದೇ ಅಲ್ವಾ? ಅವತ್ತಿನಿಂದ ಯಾವ ಕೆಲಸ ಯಾವ ಮೆನುವಿನಲ್ಲಿದೆ ಅಂತ ನಾನು ಹುಡುಕಿದ್ದು ಕಡಿಮೆ.

ಡಿಫೈನ್‌ನಲ್ಲೇ ನನಗೆ ಒಂದಿಡೀ ದಿನ ಹೋಯಿತು. ಹೋಗಬೇಕಾದದ್ದೇ. ಕಾಂಕ್ರೀಟಿನ ದರ್ಜೆ ಕೇಳುವ ಜಾಗದಲ್ಲಿ ನಾನು ಎಂ20 ಅಂತ ಹಾಕಲು ಹೊರಟಿದ್ದೆ. ಊರಲ್ಲೆಲ್ಲ ಅದೇ ಮಾತು ಕೇಳಿದ್ದೆ. ಸರ್ ಕಾಂಕ್ರೀಟಿನ ಭಾರತೀಯ ಮಾನದಂಡದ ಪುಸ್ತಕ ಐಎಸ್ 456 ತೆಗೆದು ಕೈಗೆ ಕೊಟ್ಟರು. ಕರಾವಳಿಯ ಗಾಳಿಗೆ ತೆರೆದ ಕಾಂಕ್ರೀಟು ಅದರಲ್ಲಿ ತೀವ್ರ ಅನ್ನುವ ವರ್ಗಕ್ಕೆ ಬರುತ್ತದೆ. ಅದಕ್ಕೆ ಕನಿಷ್ಠ ಎಂ30. ಒಂದು ಘನ ಮೀಟರಿಗೆ ಸಿಮೆಂಟು 320 ಕೆಜಿಗಿಂತ ಕಡಿಮೆ ಇರಬಾರದು. ನೀರು ಸಿಮೆಂಟಿನ ತೂಕದ 0.45 ಪಾಲು ಮೀರಬಾರದು. ಕಬ್ಬಿಣದ ಮೇಲಿನ ಕಾಂಕ್ರೀಟಿನ ಹೊದಿಕೆ 45 ಮಿಲಿಮೀಟರ್. ಸಮುದ್ರದ ತುಂತುರು ನೇರ ತಾಗುವ ಜಾಗವಾದರೆ ಇದೂ ಸಾಲದು, ಎಂ35 ಬೇಕು, ಹೊದಿಕೆ 50 ಬೇಕು. ಮಾಸ್ತರ ಜಾಗದಿಂದ ಸಮುದ್ರ ಮುಕ್ಕಾಲು ಕಿಲೋಮೀಟರ್ ದೂರ. ಹಾಗಾಗಿ ಎಂ30ರಲ್ಲಿ ನಿಂತೆವು.

ಈ ಹೊದಿಕೆಯ ವಿಷಯದಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಹೊಸಬರು ಇಲ್ಲಿ ಎಡವುತ್ತಾರೆ. ಕಾಲಮ್ಮಿನ ಬಾಕ್ಸಿನಲ್ಲಿ ಅದು ಕೇಳೋದು ರಿಂಗಿನ, ಅಂದರೆ ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ ಕಂಬಿಯ, ಹೊರಮೈ ತನಕ ಎಷ್ಟು ಅಂತ. ಅಲ್ಲಿ 45 ಬರೆದರೆ ಸರಿ. ಬೀಮಿನ ಬಾಕ್ಸಿನಲ್ಲಿ ಕೇಳೋದು ಉದ್ದ ಸರಳಿನ ನಡುಮಧ್ಯದ ತನಕ ಎಷ್ಟು ಅಂತ. ಅಲ್ಲೂ 45 ಅಂತಲೇ ಬರೆದರೆ ತಪ್ಪು. 45ಕ್ಕೆ 8 ಎಂಎಂ ರಿಂಗು ಕೂಡಿಸಬೇಕು, 16 ಎಂಎಂ ಸರಳಿನ ಅರ್ಧ 8 ಕೂಡಿಸಬೇಕು. 61 ಆಗುತ್ತದೆ. ಈ 16 ಮಿಲಿಮೀಟರ್ ಬಿಟ್ಟರೆ ಬೀಮಿನ ಉಪಯೋಗದ ಆಳ ಇದ್ದದ್ದಕ್ಕಿಂತ ಜಾಸ್ತಿ ಅಂತ ಲೆಕ್ಕಕ್ಕೆ ಸಿಗುತ್ತದೆ, ಕಬ್ಬಿಣ ಕಡಿಮೆ ತೋರಿಸುತ್ತದೆ. ಪರದೆಯ ಮೇಲೆ ಎರಡು ಬಾಕ್ಸೂ ಒಂದೇ ತರಹ ಕಾಣುತ್ತವೆ.

ಭೂಕಂಪಕ್ಕೆ ಬಂದಾಗ ಸರ್ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಭೂಕಂಪದ ಮಾನದಂಡ, 2016ರ ಐಎಸ್ 1893ರ ಕೊನೆಯ ಪಟ್ಟಿಯಲ್ಲಿ ಕಾರವಾರದ ಹೆಸರೇ ಇದೆ. ಮೂರನೇ ವಲಯ, ಸಂಖ್ಯೆ 0.16. ಅದನ್ನ ತುಂಬಿದೆ. ಅದರ ಕೆಳಗೆ ಆರ್ ಅಂತ ಒಂದು ಚಿಕ್ಕ ಬಾಕ್ಸು. 3 ಹಾಕಿದರೆ ಸಾಧಾರಣ ಚೌಕಟ್ಟು, 5 ಹಾಕಿದರೆ ವಿಶೇಷ ಚೌಕಟ್ಟು. 5 ಹಾಕಿದರೆ ಭೂಕಂಪದ ಬಲ ಕಡಿಮೆ ಬರುತ್ತದೆ. ನಾನು 5 ಒತ್ತಿದೆ. "ಒತ್ತಿದ್ದು ಸರಿ. ಆದರೆ ಅದು ನೀನು ಮಾಸ್ತರರಿಗೆ ಕೊಟ್ಟ ಮಾತು. ಅಷ್ಟು ಬಾಗಿದರೂ ಮುರಿಯೋದಿಲ್ಲ ಅನ್ನೋ ಹಾಗೆ ಕಟ್ಟಿಸಬೇಕು" ಅಂದರು. ಆಮೇಲೆ ಅಂಥ ಚೌಕಟ್ಟಿನ ಕಬ್ಬಿಣ ಹೇಗಿರಬೇಕು ಅಂತ ಹೇಳುವ ಐಎಸ್ 13920 ಓದಿಸಿದರು. ರಿಂಗಿನ ಕೊಕ್ಕೆ 135 ಡಿಗ್ರಿ ಒಳಮುಖವಾಗಿ ಬಾಗಿರಬೇಕು. ಕಾಲಮ್ಮಿನ ಯಾವ ಬದಿಯೂ 300 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ನಕ್ಷೆಯಲ್ಲಿ ಗೋಡೆಗೆ ಸಮ ಇರಲಿ ಅಂತ 230 ಬರೆದಿದ್ದರು. ಅದನ್ನ 300ಕ್ಕೆ 450 ಮಾಡಿದೆ. ಹಾಲ್‌ನಲ್ಲಿ ಮೂಲೆ ಹೊರಗೆ ಚಾಚುತ್ತದೆ ಅಂತ ಮಾಸ್ತರರಿಗೆ ಬೇಸರ. ಫೋನಿನಲ್ಲಿ ನಾನೇ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು ಮಗಾ, ಅಲ್ಲೊಂದು ಕಪಾಟು ಮಾಡಿಸ್ತೇನೆ" ಅಂದರು.

ಡ್ರಾ ಮೆನು ಬೇಗ ಮುಗಿಯಿತು. ಅಲ್ಲಿ ಎಚ್ಚರ ಬೇಕಾದದ್ದು ಒಂದೇ. ಪರದೆಯ ಕೆಳಗೆ ಬಲಮೂಲೆಯಲ್ಲಿ ಒಂದು ಸಣ್ಣ ಪಟ್ಟಿ ಇರುತ್ತದೆ. ಒಂದೇ ಮಹಡಿಯೋ, ಎಲ್ಲಾ ಮಹಡಿಯೋ ಅಂತ ಅದರಲ್ಲಿ ಆರಿಸಬೇಕು. ಕಾಲಮ್ ನಿಲ್ಲಿಸುವಾಗ ನಾನು ಎಲ್ಲಾ ಮಹಡಿ ಅಂತ ಇಟ್ಟಿದ್ದೆ. ಆಮೇಲೆ ಮೆಟ್ಟಿಲ ಹತ್ತಿರ ಮೊದಲ ಸ್ಲ್ಯಾಬಿನ ಒಂದು ಬೀಮನ್ನು ಅಳಿಸಿದೆ. ಟೆರೇಸಿನಲ್ಲಿ ಅದೇ ಜಾಗದ ಬೀಮೂ ಹೋಗಿಬಿಟ್ಟಿತ್ತು, ನಾನು ನೋಡಿರಲಿಲ್ಲ. ಮಾದರಿಯ ತಪಾಸಣೆಯೂ ಇದನ್ನ ಹೇಳಲಿಲ್ಲ. ಬೀಮ್ ಇಲ್ಲದಿರೋದು ಅದಕ್ಕೆ ತಪ್ಪಲ್ಲವಲ್ಲ. ಲೆಕ್ಕ ಮುಗಿದ ಮೇಲೆ ಡಿಸ್‌ಪ್ಲೇ ಮೆನುವಿನಲ್ಲಿ ಬಾಗಿದ ಆಕಾರ ತೆಗೆದು ಅಲ್ಲಾಡಿಸಿ ನೋಡಿದೆ. ಟೆರೇಸಿನ ಆ ಒಂದು ಮೂಲೆ ಬೇರೆಯದಕ್ಕಿಂತ ಜಾಸ್ತಿ ಕೆಳಗೆ ಇಳಿದು ಏಳುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಬೀಮೇ ಇಲ್ಲ. ಅಂಕಿಗಳ ಪಟ್ಟಿ ಓದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಈಗ ಬೇರೇನು ನೋಡುವ ಮೊದಲು ಕಟ್ಟಡವನ್ನು ಒಮ್ಮೆ ಅಲ್ಲಾಡಿಸಿ ನೋಡುತ್ತೇನೆ.

ಅಸೈನ್‌ನಲ್ಲಿ ಬುಡದ ಆಸರೆ ಕೊಟ್ಟೆ. ಸ್ಲ್ಯಾಬಿನ ಮೇಲೆ ಜನ, ಸಾಮಾನು ಅಂತ ಚದರ ಮೀಟರಿಗೆ 2 ಕಿಲೋನ್ಯೂಟನ್ (ಒಂದು ಕಿಲೋನ್ಯೂಟನ್ ಅಂದರೆ ಸುಮಾರು ನೂರು ಕೆಜಿಯ ಭಾರ), ಬಾಲ್ಕನಿಗೆ 3, ಟೆರೇಸಿಗೆ 1.5. ಕೊನೆಗೆ ಗೋಡೆಯ ಭಾರ. ಆಫೀಸಿನಲ್ಲಿ ಬೆಂಗಳೂರಿನ ಹಳೇ ಕೆಲಸವೊಂದರ ಫೈಲ್ ಇತ್ತು. ಅದರಲ್ಲಿ ಗೋಡೆಗೆ ಮೀಟರಿಗೆ 5 ಕಿಲೋನ್ಯೂಟನ್ ಅಂತ ಇತ್ತು. ಮಹಡಿಯ ಎತ್ತರ ಅದೇ 3 ಮೀಟರ್, ಗೋಡೆಯ ದಪ್ಪವೂ ಅದೇ 8 ಇಂಚು. ನಾನು ಅದೇ 5 ಹಾಕಿದೆ. ಗೋಡೆ ಹೊರುವ ಎಲ್ಲಾ ಬೀಮ್ ಆರಿಸಿ ಒಂದೇ ಸಲಕ್ಕೆ ಹಚ್ಚಿದೆ. ಒಂದು ನಿಮಿಷವೂ ಬೇಕಾಗಲಿಲ್ಲ.

ಲೆಕ್ಕ ಓಡಿತು. ಒಂದೂ ಎಚ್ಚರಿಕೆ ಇಲ್ಲ. ಡಿಸೈನ್ ಕೊಟ್ಟೆ, ಒಂದು ಬೀಮೂ ಕಾಲಮ್ಮೂ ಕೆಂಪಾಗಲಿಲ್ಲ. ಕೆಂಪಾದರೆ ಅದರ ಬಲ ಸಾಲದು ಅಂತ. ಖುಷಿಯಿಂದ ಸರ್‌ನ ಕರೆದೆ. ಅವರು ಬಣ್ಣ ನೋಡಲೇ ಇಲ್ಲ. "ಮನೆಯ ಒಟ್ಟು ತೂಕ ಎಷ್ಟು ಬಂತು?" ಅಂತ ಕೇಳಿದರು. ಟೇಬಲ್ ತೆಗೆದು ಬುಡದ ಪ್ರತಿಬಲ, ಅಂದರೆ ನೆಲ ಮನೆಯನ್ನು ಎತ್ತಿ ಹಿಡಿಯುವ ಬಲ, ನೋಡಿದೆ. ಜನರ ಭಾರವೂ ಸೇರಿ ಸುಮಾರು 2,800 ಕಿಲೋನ್ಯೂಟನ್. ಅವರು ಕಾಗದದ ಮೇಲೆ 216 ಅಂತ ಬರೆದರು, ಎರಡು ಮಹಡಿಯ ಒಟ್ಟು ಚದರ ಮೀಟರ್. ಭಾಗಿಸಿದರೆ 13. "ಚಿರೆಕಲ್ಲಿನ ಮನೆ ಇಷ್ಟು ಹಗುರ ಇರೋದಿಲ್ಲ. ಎಲ್ಲೋ ಏನೋ ಬಿಟ್ಟುಹೋಗಿದೆ. ನಾಳೆ ಸೈಟಿಗೆ ಹೋಗು" ಅಂದರು. ಏನು ಬಿಟ್ಟುಹೋಗಿದೆ ಅಂತ ಹೇಳಲಿಲ್ಲ.

ಮಾರನೇ ದಿನ ಮಳೆ ಹೊಯ್ಯುತ್ತಿತ್ತು. ಅವರ್ಸಾದಲ್ಲಿ ಬಸ್ಸಿಳಿದು ನಡೆದೆ. ಮಾಸ್ತರ ಹಳೇ ಮನೆಯ ಪಕ್ಕದಲ್ಲೇ ಹೊಸದರ ಜಾಗ. ಹಳೇ ಮನೆಯ ಕಿಟಕಿಯ ಮೇಲಿನ ಸಜ್ಜಾ ಒಡೆದು ಕಬ್ಬಿಣ ಹೊರಗೆ ಕಾಣುತ್ತಿತ್ತು. ಬೆರಳಲ್ಲಿ ಮುಟ್ಟಿದರೆ ತುಕ್ಕು ಪದರ ಪದರವಾಗಿ ಕಿತ್ತು ಬರುತ್ತಿತ್ತು, ಒಳಗೆ ಉಳಿದ ಸರಳು ಪೆನ್ಸಿಲಿನ ಕಡ್ಡಿಯಷ್ಟು. ಹೊದಿಕೆ ಎಷ್ಟಿತ್ತು ಅಂತ ಅಳೆದೆ. 15 ಮಿಲಿಮೀಟರ್. ಡಿಫೈನ್ ಮೆನುವಿನಲ್ಲಿ ನಾನು ಬರೆದ 45 ಯಾಕೆ ಅಂತ ಆಗ ಕಣ್ಣಿಗೇ ಕಂಡಿತು.

ಅಂಗಳದಲ್ಲಿ ಚಿರೆಕಲ್ಲು ಪೇರಿಸಿದ್ದರು. ಅರ್ಧ ತಾಡಪತ್ರಿಯ ಕೆಳಗೆ, ಅರ್ಧ ಮಳೆಯಲ್ಲಿ. ನಾನು ಅದನ್ನೇ ನೋಡುತ್ತಾ ನಿಂತಿದ್ದೆ. ಮೇಸ್ತ್ರಿ ಬಂದು, "ಏನು ತಂಗೀ, ಕಲ್ಲು ಸರಿ ಇಲ್ವಾ?" ಅಂದರು. ಗೋಡೆ ಪೂರ್ತಿ ಇದರದ್ದೇನಾ ಅಂತ ಕೇಳಿದೆ. "ಮತ್ತೆ? ಒಳಗಿನದ್ದೂ ಇದೇ. ಮಾಸ್ತರರು ಬೇರೆ ಒಪ್ಪೋದಿಲ್ಲ. ಎತ್ತಿ ನೋಡು ಒಂದನ್ನ" ಅಂದರು. ಎತ್ತಲು ಹೋದೆ. ಮೊಣಕಾಲಿನ ತನಕ ಬಂತು, ಅದಕ್ಕಿಂತ ಮೇಲೆ ಬರಲಿಲ್ಲ.

ಬೆಂಗಳೂರಿನ ಆ ಫೈಲಿನ ಗೋಡೆ ಹಗುರ ಬ್ಲಾಕಿನದ್ದು. ಒಳಗೆಲ್ಲ ಗಾಳಿಗುಳ್ಳೆ ತುಂಬಿದ ಬ್ಲಾಕು ಅದು, ಘನ ಮೀಟರಿಗೆ 7 ಕಿಲೋನ್ಯೂಟನ್ ಹಿಡಿದು, ಗಿಲಾವು ಸೇರಿಸಿ 5 ಅಂತ ಬರೆದಿದ್ದರು. ಅವರ ಸಂಖ್ಯೆ ಅವರ ಮನೆಗೆ ಸರಿಯಾಗೇ ಇತ್ತು.

ರಸ್ತೆಯ ಆಚೆ ಗೇರುಬೀಜ ಕೊಳ್ಳುವ ಅಂಗಡಿ. ಗೇರಿನ ಹಂಗಾಮು ಮುಗಿದಿತ್ತು, ತೂಕದ ಯಂತ್ರ ಖಾಲಿ ಕೂತಿತ್ತು. ಮೇಸ್ತ್ರಿ ಎರಡು ಕಲ್ಲು ಹೊರಿಸಿಕೊಂಡು ಬಂದರು. ಒಂದು ತಾಡಪತ್ರಿಯ ಕೆಳಗಿನದ್ದು, ಇನ್ನೊಂದು ಮಳೆಯಲ್ಲಿ ನೆನೆದದ್ದು. ಟೇಪು ಹಿಡಿದು ಅಳೆದೆವು. 355, 205, 180 ಮಿಲಿಮೀಟರ್. ಒಣಗಿದ ಕಲ್ಲು 27 ಕೆಜಿ. ನೆನೆದದ್ದು 30 ಕೆಜಿ. ಒಂದೇ ಗಾತ್ರದ ಎರಡು ಕಲ್ಲು, ಮೂರು ಕೆಜಿ ನೀರು. ಅಲ್ಲೇ ಮೊಬೈಲಿನಲ್ಲಿ ಲೆಕ್ಕ ಮಾಡಿದೆ. ಒಣಗಿದ್ದಕ್ಕೆ ಘನ ಮೀಟರಿಗೆ 20.2 ಕಿಲೋನ್ಯೂಟನ್, ನೆನೆದದ್ದಕ್ಕೆ 22.5. ಯಾವುದು ಹಿಡಿಯಲಿ ಅಂತ ಸರ್‌ಗೆ ಫೋನ್ ಮಾಡಿದೆ. "ನಮ್ಮಲ್ಲಿ ಗೋಡೆ ವರ್ಷದಲ್ಲಿ ನಾಲ್ಕು ತಿಂಗಳು ಒದ್ದೆ. ನೆನೆದದ್ದೇ ಹಿಡಿ" ಅಂದರು.

ವಾಪಸ್ ಬಂದು ಕೂತೆ. ಬೀಮಿನ 450 ಕಳೆದರೆ ಗೋಡೆಯ ಎತ್ತರ 2.55 ಮೀಟರ್. 0.205 ದಪ್ಪ, 2.55 ಎತ್ತರ, 22.5 ತೂಕ. 11.8 ಆಯಿತು. ಗಿಲಾವು ಸೇರಿ ಮೀಟರಿಗೆ ಸುಮಾರು 13. ನಾನು ಹಾಕಿದ್ದು 5. ಒಂದು ಮಹಡಿಯಲ್ಲಿ ಗೋಡೆ ಹೊರುವ ಬೀಮು 72 ಮೀಟರ್, ಎರಡರಲ್ಲಿ 144. ಬಾಗಿಲು ಕಿಟಕಿ ನಾನು ಕಳೆಯಲಿಲ್ಲ. 144ನ್ನು 8ರಿಂದ ಗುಣಿಸಿದರೆ 1,150 ಚಿಲ್ಲರೆ. ಟನ್ನಿನಲ್ಲಿ ಹೇಳಿದರೆ 117. ಮಾಸ್ತರ ಮನೆಯ 117 ಟನ್ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೊಸ ಸೇತುವೆ ದಾಟುವಾಗ ಪಕ್ಕದಲ್ಲಿ ಹಳೇದು ಇದ್ದ ಕಡೆಗೇ ಕಣ್ಣು ಹೋಗಿತ್ತು.

ಲೆಕ್ಕ ಮುಗಿದ ಮಾದರಿಗೆ ಬೀಗ ಬಿದ್ದಿರುತ್ತದೆ. ಬೀಗ ತೆಗೆದರೆ ಹಳೇ ಫಲಿತಾಂಶವೆಲ್ಲ ಅಳಿಸಿಹೋಗುತ್ತದೆ. ಅದಕ್ಕೇ ಮೊದಲು ಬೇರೆ ಹೆಸರಲ್ಲಿ ಒಂದು ಪ್ರತಿ ಉಳಿಸಿಕೊಂಡೆ. ಹಳೇದು, ಹೊಸದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕಿತ್ತು. ಆಮೇಲೆ ಬೀಗ ತೆಗೆದು, ಅಸೈನ್‌ಗೆ ಹೋಗಿ, 5 ಅಳಿಸಿ 13 ಬರೆದೆ. ಇಲ್ಲೂ ಒಂದು ಆಯ್ಕೆ ಇದೆ. ಇದ್ದದ್ದಕ್ಕೆ ಸೇರಿಸಲೋ, ಇದ್ದದ್ದನ್ನ ಬದಲಿಸಲೋ, ಅಳಿಸಲೋ ಅಂತ ಕೇಳುತ್ತದೆ. ಸೇರಿಸು ಅಂದರೆ 18 ಆಗುತ್ತದೆ. ಬದಲಿಸು ಅಂತ ಆರಿಸಿ, ಒಂದು ಬೀಮಿನ ಮೇಲೆ ಬಲಗುಂಡಿ ಒತ್ತಿ 13 ಬಂದದ್ದು ಖಚಿತ ಮಾಡಿಕೊಂಡೆ. ಗೋಡೆಯ ಭಾರದ ಪ್ಯಾಟರ್ನ್‌ನಲ್ಲಿ, ಅಂದರೆ ಆ ಭಾರಕ್ಕೆ ಕೊಟ್ಟ ಹೆಸರಿನಡಿ, ಸ್ವಂತ ತೂಕದ ಗುಣಕ ಸೊನ್ನೆಯೇ ಇದೆಯಾ ಅಂತಲೂ ನೋಡಿದೆ. ಅಲ್ಲಿ 1 ಇದ್ದರೆ ಬೀಮು, ಕಾಲಮ್ಮು, ಸ್ಲ್ಯಾಬಿನ ತೂಕ ಎರಡೆರಡು ಸಲ ಲೆಕ್ಕಕ್ಕೆ ಬರುತ್ತದೆ.

ಮತ್ತೆ ಓಡಿಸಿದೆ. ಅರ್ಧದಲ್ಲಿ ಕರೆಂಟು ಹೋಯಿತು. ಯುಪಿಎಸ್ ತಡೆದುಕೊಂಡಿತು.

ಒಟ್ಟು ತೂಕ 3,950ಕ್ಕೆ ಬಂತು. 216ರಿಂದ ಭಾಗಿಸಿದರೆ 18. ನಡುವಿನ ಕಾಲಮ್ಮಿನ ಭಾರ 385 ಕಿಲೋನ್ಯೂಟನ್ ಇದ್ದದ್ದು 520 ಆಗಿತ್ತು. ಬೀಮುಗಳಿಗೆ ಹಲವು ಕಡೆ ಒಂದೊಂದು 16 ಎಂಎಂ ಸರಳು ಹೆಚ್ಚಿಗೆ ಬೇಕಾಯಿತು. ಕಟ್ಟಡ ಭಾರ ಆದಷ್ಟೂ ಭೂಕಂಪದ ಬಲವೂ ಏರುತ್ತದೆ, ಅದೂ ಏರಿತ್ತು. ಕಾಲಮ್ ಕೆಂಪಾಗಲಿಲ್ಲ, 300 ಮಾಡಿದ್ದು ಅಲ್ಲಿ ಕೈ ಹಿಡಿಯಿತು. ದೊಡ್ಡ ಬದಲಾವಣೆ ಆದದ್ದು ಪಾಯದಲ್ಲಿ. ನಡುವಿನ ಕಾಲಮ್ಮಿನ ಬುಡದ ಚೌಕ 1.7 ಮೀಟರ್ ಸಾಕು ಅಂತ ಇದ್ದದ್ದು 1.95 ಮೀಟರಿಗೆ ಹೋಯಿತು. ಅಡಿಯ ಲೆಕ್ಕದಲ್ಲಿ ಸುಮಾರು ಐದೂವರೆ ಇದ್ದದ್ದು ಸುಮಾರು ಆರೂವರೆ. ಆ ಒಂದಡಿ ಇಲ್ಲದೆ ಮನೆ ಮರುದಿನವೇ ಬೀಳುತ್ತಿತ್ತು ಅಂತ ನಾನು ಹೇಳೋದಿಲ್ಲ. ನಡುವಿನ ಪಾಯ ಹೆಚ್ಚು ಕುಸಿದು, ಹಾಲ್‌ನ ಗೋಡೆ ಓರೆಯಾಗಿ ಬಿರಿದು, ಬಿರುಕಿನಲ್ಲಿ ಉಪ್ಪುಗಾಳಿ, ಮಳೆನೀರು ಹೊಕ್ಕು, ಹಳೇ ಸಜ್ಜಾದ ಕಥೆಯೇ ಇಲ್ಲೂ ಶುರುವಾಗುತ್ತಿತ್ತೇನೋ. ಮಾಸ್ತರರು ಇಡೀ ಜೀವಮಾನದ ಉಳಿತಾಯ ಇದಕ್ಕೆ ಹಾಕುತ್ತಿದ್ದಾರೆ.

ಪಾಯ ತೆಗೆಯುವಾಗ ಮಳೆ ಕಡಿಮೆಯಾಗಿತ್ತು. ನಾನು ಮೂರು ಸಲ ಹೋದೆ. ಬಾರ್ ಬೆಂಡರ್ ಹುಡುಗರು ರಿಂಗಿನ ಕೊಕ್ಕೆಯನ್ನು 90 ಡಿಗ್ರಿಗೇ ಬಗ್ಗಿಸಿ ಬಿಡುತ್ತಿದ್ದರು. ಅದೇ ಅವರಿಗೆ ರೂಢಿ. ನಾನು ಒಂದು ರಿಂಗು ಕೈಗೆ ತಗೊಂಡು, ಕೊಕ್ಕೆಯ ತುದಿ ಕಾಂಕ್ರೀಟಿನ ಒಳಗೆ ಮುಖ ಮಾಡಬೇಕು ಅಂತ ತೋರಿಸಿದೆ. ಹೊರಗಿನ ಕಾಂಕ್ರೀಟು ಉದುರಿದರೂ ರಿಂಗು ಬಿಚ್ಚಿಕೊಳ್ಳಬಾರದು, ಅದಕ್ಕೆ. ಒಬ್ಬ ಹುಡುಗ, "ಅಕ್ಕ, ಇದಕ್ಕೆ ಜಾಸ್ತಿ ಹೊತ್ತು ಬೇಕು" ಅಂದ. ಮೇಸ್ತ್ರಿ, "ಬೇಕಾದರೆ ಬೇಕು, ಬಗ್ಗಿಸು" ಅಂದರು. ಆರ್ ಬಾಕ್ಸಿನಲ್ಲಿ ನಾನು ಒತ್ತಿದ 5 ಅಲ್ಲಿ, ಅವನ ಕೈಯಲ್ಲಿ, ಒಂದೊಂದೇ ರಿಂಗಾಗಿ ಬಾಗುತ್ತಿತ್ತು.

ಸರ್ ಹೇಳಿದಂತೆ ಆಫೀಸಿನ ಕಂಪ್ಯೂಟರಿನಲ್ಲಿ ಈಗ ಹೊಸ ಫೈಲೊಂದನ್ನು ಇಟ್ಟಿದ್ದೇನೆ. ಅದರಲ್ಲಿ ಭಾರದ ಹೆಸರಿನ ಜೊತೆಗೇ ಅದರ ಮೂಲವೂ ಇದೆ. ಚಿರೆಕಲ್ಲು, ನೆನೆದದ್ದು, ಅವರ್ಸಾದಲ್ಲಿ ತೂಗಿದ್ದು. ಗೋಡೆಯ ಭಾರದ ಜಾಗದಲ್ಲಿ ಸಂಖ್ಯೆ ಖಾಲಿ ಬಿಟ್ಟಿದ್ದೇನೆ. ಯಾರು ಬಳಸಿದರೂ ಆ ಊರಿನ ಕಲ್ಲು ತೂಗಿ ಅವರೇ ತುಂಬಲಿ ಅಂತ.

ಮೊನ್ನೆ ಶಿರಸಿ ಕಡೆಯ ಒಂದು ಮನೆಯ ನಕ್ಷೆ ಬಂತು. ಮೇಲಿನ ಮಹಡಿಯ ಒಂದು ಕೋಣೆಗೆ ದಾಸ್ತಾನು ಅಂತ ಬರೆದಿದ್ದರು. ಕಂಪ್ಯೂಟರ್ ತೆರೆಯುವ ಮೊದಲು ಮನೆಯವರಿಗೆ ಫೋನ್ ಮಾಡಿದೆ. ಅಡಿಕೆ ಚೀಲ ಇಡ್ತಾರಂತೆ. ಒಂದು ಚೀಲ ಎಷ್ಟು ತೂಕ, ಒಂದರ ಮೇಲೊಂದು ಎಷ್ಟು ಪೇರಿಸ್ತೀರಿ ಅಂತ ಕೇಳಿದೆ. ಅರವತ್ತೈದು ಕೆಜಿ, ಐದು ಚೀಲ ಅಂದರು. ಚೀಲ ಮಲಗಿಸಿದರೆ ಎಷ್ಟು ಜಾಗ ಹಿಡಿಯುತ್ತದೆ ಅಂತ ಕೇಳಿದ್ದಕ್ಕೆ, "ತಡೀರಿ, ಅಳತೆ ಮಾಡಿ ಹೇಳ್ತೆ" ಅಂತ ಫೋನ್ ಹಾಗೇ ಹಿಡಿದುಕೊಂಡು ಹೋದರು. 90 ಸೆಂಟಿಮೀಟರಿಗೆ 50. ಚದರ ಮೀಟರಿಗೆ 7 ಕಿಲೋನ್ಯೂಟನ್ ಆಗುತ್ತದೆ. ಮಲಗುವ ಕೋಣೆಗೆ ಹಿಡಿಯೋದು 2. ಭಾರ 3 ದಾಟಿತು ಅಂದರೆ ಭೂಕಂಪದ ಲೆಕ್ಕಕ್ಕೆ ಆ ಭಾರದ ಕಾಲು ಭಾಗ ಸಾಲದು, ಅರ್ಧ ಹಿಡೀಬೇಕು. ಎರಡನ್ನೂ ಕಾಗದದ ಮೇಲೆ ಬರೆದಿಟ್ಟುಕೊಂಡು, ಆಮೇಲೆ ಡಿಫೈನ್ ತೆರೆದೆ.